ಶಾವಿಗೆ ಯಾರಿಗೂ ಕಾಯುವುದಿಲ್ಲ

"ಹಂದಿಗೆ ಸುರೀತೀನಿ! ಆರಿಹೋದ ಸೂಪನ್ನ ಮನುಷ್ಯರು ಕುಡಿಯಲ್ಲ, ಹಂದಿಗೇ ಸುರೀತೀನಿ!"

ಮಾಂದಾ ಸೌಟನ್ನು ಮೇಜಿಗೆ ಬಡಿದಳು. ಮೇಜಿನ ಮೇಲಿದ್ದ ಐದೂ ತಟ್ಟೆಗಳು ಒಮ್ಮೆ ಹಾರಿ ಕುಳಿತವು.

"ಸುರೀರಿ ಅತ್ತೆ. ಈ ಮನೇಲಿ ಹಂದಿಗಾದ್ರೂ ಭಾನುವಾರ ಅನ್ನಿಸ್ಲಿ," ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ ಯೆಲಾ. ಅವಳ ಎರಡು ಮಂಡಿಗೂ ಕೆಸರು ಮೆತ್ತಿಕೊಂಡಿತ್ತು. ಕೂದಲಲ್ಲಿ ಹುಲ್ಲು. ಕಂಕುಳಲ್ಲಿ ಒಂದು ಜೊತೆ ದಪ್ಪ ಕೈಗವಸು.

"ಒಳಗೆ ಬರಬೇಡ! ಆ ಕಾಲಲ್ಲಿ ನನ್ನ ಅಡುಗೆಮನೆಗೆ ಬರಬೇಡ! ನಲವತ್ತನಾಲ್ಕು ವರ್ಷದ ಹೆಂಗಸು, ಚಡ್ಡಿ ಹಾಕ್ಕೊಂಡು ಊರೋರ ಮುಂದೆ..."

"ಉದ್ದ ಪ್ಯಾಂಟು ಅಜ್ಜಿ," ಎಂದು ತಾಯಿಯ ಬೆನ್ನ ಹಿಂದಿನಿಂದ ತೆನಾ ತಲೆ ಹಾಕಿದಳು. ಅವಳಿಗೆ ಹದಿನೇಳು. "ಗೋಲ್‌ಕೀಪರಿಗೆ ಉದ್ದ ಪ್ಯಾಂಟು ಹಾಕೋಕೆ ಬಿಡ್ತಾರೆ. ಚಡ್ಡಿ ನಮಗೆ."

"ನೀನು ಬಾಯಿ ಮುಚ್ಚು! ನಿನ್ನ ಚಡ್ಡಿ ವಿಷಯ ಆಮೇಲೆ!"

ಮಾಂದಾಳ ಮಗ ಪಾವೊ ತಟ್ಟೆಯಲ್ಲಿ ಉಳಿದಿದ್ದ ಟೊಮ್ಯಾಟೊ ಗೊಜ್ಜನ್ನು ಬ್ರೆಡ್ಡಿನ ತುಂಡಿನಿಂದ ಬಳಿಯುತ್ತ ಹೆಂಡತಿಯ ಕಡೆ ನೋಡಿದ. "ಎಷ್ಟಕ್ಕೆ ಸೋತ್ರಿ?"

"ನಾಲ್ಕು ಸೊನ್ನೆ."

"ಅಷ್ಟಕ್ಕೆ ಊಟ ತಪ್ಪಿಸಿಕೊಂಡ್ರಾ?"

"ಅಮ್ಮ ಇಲ್ದಿದ್ರೆ ಹತ್ತು ಬೀಳ್ತಿತ್ತು," ಎಂದಳು ತೆನಾ. "ತಾತ, ನೀನೇ ಹೇಳು. ನೋಡಿದೆಯಲ್ಲ?"

ಇಲಿಯಾ ತಾತ ತುಂಬ ಹೊತ್ತು ಉಪ್ಪಿನ ಡಬ್ಬಿಯನ್ನೇ ನೋಡಿದ. "ಹನ್ನೊಂದು," ಎಂದ ಕೊನೆಗೆ.

ಜಗಳದ ಬೇರು ಗುರುವಾರದ್ದು. ಆವತ್ತು ಅಂಚೆಯ ರೂಜಾ ಹಳದಿ ಮೊಪೆಡ್ ನಿಲ್ಲಿಸಿ ಕರೆಂಟ್ ಬಿಲ್ಲು ಕೊಟ್ಟಳು. ಕೊಟ್ಟವಳು ಹೊರಡಲಿಲ್ಲ. ಅವರ ಊರು ಬ್ರೆಸ್ತಿನೆಯ ಹೆಂಗಸರ ಫುಟ್‌ಬಾಲ್ ತಂಡ ಸ್ಲೊಗಾಗೆ ಅವಳೇ ತರಬೇತಿ ಕೊಡುವವಳು. ಸ್ಲೊಗಾ ಎಂದರೆ ಒಗ್ಗಟ್ಟು. ಎರಡನೇ ದರ್ಜೆಯ ಲೀಗಿನಲ್ಲಿ ಆಡುವ ಆ ಒಗ್ಗಟ್ಟಿನಲ್ಲಿ ಸರಿಯಾಗಿ ಹನ್ನೆರಡು ಜನ ಇದ್ದರು. ಅವರಲ್ಲಿ ಗೋಲ್‌ಕೀಪರ್ ಕ್ಲಾರಾ ಹಿಂದಿನ ರಾತ್ರಿ ಅಪ್ಪ ಅಮ್ಮನ ಜೊತೆ ಐರ್ಲೆಂಡಿನ ಬಸ್ಸು ಹತ್ತಿದ್ದಳು. ಹೋಗುವಾಗ ಕೈಗವಸನ್ನು ರೂಜಾಳ ಅಂಚೆಚೀಲಕ್ಕೆ ತುರುಕಿ ಗೊಳೋ ಎಂದು ಅತ್ತಿದ್ದಳಂತೆ.

"ಯೆಲಾ, ನೀನು ಶಾಲೇಲಿ ಹ್ಯಾಂಡ್‌ಬಾಲ್ ಆಡುವಾಗ ಗೋಲಲ್ಲಿ ನಿಲ್ತಿದ್ದೆಯಲ್ಲ?" ಎಂದಿದ್ದಳು ರೂಜಾ.

"ಅದು ಯಾವ ಕಾಲದ ಮಾತು!"

"ಗೋಲು ಈಗಲೂ ಗೋಲೇ ಕಣೇ. ಇದು ಸ್ವಲ್ಪ ಅಗಲ, ಅಷ್ಟೇ. ಉಳಿದೋರು ಯಾರೂ ಗೋಲಲ್ಲಿ ನಿಲ್ಲೋಕೆ ಒಪ್ತಿಲ್ಲ. ಭಾನುವಾರ ಅಲ್ಲಿ ಯಾರೂ ನಿಲ್ದಿದ್ರೆ ತಂಡ ಬರಲಿಲ್ಲ ಅಂತ ಬರ್ಕೋತಾರೆ. ಹಾಗೇ ಆಗ್ತಾ ಹೋದ್ರೆ ಲೀಗಿಂದಲೇ ತೆಗೀತಾರೆ. ನಿನ್ನ ಮಗಳು ಆಮೇಲೆ ಯಾರ ಜೊತೆ ಆಡ್ತಾಳೆ? ನಿಮ್ಮ ಕೋಳಿ ಜೊತೆನಾ?"

ಯೆಲಾ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ದಿನಾ ಇನ್ನೂರು ಮಕ್ಕಳ ತಟ್ಟೆ ತುಂಬಿಸಿ ಬಂದು ಮನೆಯ ಹಂದಿ, ಕೋಳಿ, ತರಕಾರಿ ಮಡಿ ನೋಡಿಕೊಳ್ಳುವವಳು. ಅವಳು ಕೈಗವಸು ತೆಗೆದುಕೊಂಡಳು. ಹಾಕಿ ನೋಡಿದಳು. ಸರಿಯಾಗಿ ಕೂತಿತು. "ಈ ಒಂದೇ ಸಲ," ಎಂದಳು. ಅಷ್ಟೇ ಆದದ್ದು.

ಆದರೆ ಮಾಂದಾಳ ಮನೆಯಲ್ಲಿ ಭಾನುವಾರಕ್ಕೆ ಒಂದು ಕಟ್ಟಳೆ ಇತ್ತು. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದು ಮುದಿ ಕೋಳಿಯನ್ನು ಸಣ್ಣ ಉರಿಯ ಮೇಲೆ ಇಡುವುದು. ಶನಿವಾರವೇ ಲಟ್ಟಿಸಿ ಕೂದಲೆಳೆಯ ಹಾಗೆ ಕತ್ತರಿಸಿಟ್ಟ ಶಾವಿಗೆಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನ ಗಂಟೆ ಮೊದಲ ಸಲ ಬಾರಿಸಿದಾಗ ಸೂಪಿಗೆ ಬಿಡುವುದು. ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಅದು ಬೆಂದಿರುತ್ತದೆ. ಆಗ ಎಲ್ಲರೂ ಕೂತಿರಬೇಕು. ಸ್ವಲ್ಪ ತಡವಾದರೂ ಶಾವಿಗೆ ಊದಿಕೊಂಡು ಗಂಜಿಯಾಗುತ್ತದೆ. "ಶಾವಿಗೆ ಯಾರಿಗೂ ಕಾಯಲ್ಲ" ಎಂದು ಅವಳ ಅತ್ತೆ ಹೇಳುತ್ತಿದ್ದಳು. ಈಗ ಅವಳು ಹೇಳುತ್ತಿದ್ದಳು. ಒಂದು ಕಾಲದಲ್ಲಿ ಆ ಮೇಜಿನ ಮೇಲೆ ಒಂಬತ್ತು ತಟ್ಟೆ ಇದ್ದವು. ಕಿರಿಮಗನ ಸಂಸಾರ ಡಬ್ಲಿನ್ನಿಗೆ ಹೋದ ಮೇಲೆ ಐದಾದವು. ಐದಕ್ಕಿಂತ ಕೆಳಗೆ ಇಳಿಯಬಾರದು ಎಂದು ಮಾಂದಾ ಗಟ್ಟಿ ಮಾಡಿಕೊಂಡಿದ್ದಳು.

ಇನ್ನು ಆ ಮೈದಾನ. ಮನೆಯ ಹಿಂದಿನ ತರಕಾರಿ ಮಡಿ ದಾಟಿ ಒಂದು ಗೇಟು, ಗೇಟಿನ ಆಚೆ ಮೈದಾನ. ಗಂಡ ಇಲಿಯಾ ಮೂವತ್ತು ವರ್ಷದಿಂದ ಅದಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ. ಮಗ ಪಾವೊ ಅಲ್ಲಿ ಹದಿನೈದು ವರ್ಷ ಓಡಿ, ಹೊಟ್ಟೆ ಬಂದ ಮೇಲೆ ಗಂಡಸರ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ. ಪ್ರತಿ ಭಾನುವಾರ ಮೂರು ಗಂಟೆಗೆ ಗಂಡಸರೆಲ್ಲ ಆ ಗೇಟಿನಿಂದ ಹೋದರೆ ಕತ್ತಲಾದ ಮೇಲೆ ಬಿಯರ್ ವಾಸನೆ ಹೊತ್ತು ಬರುತ್ತಿದ್ದರು. ಮಾಂದಾ ಒಂದು ಸಲವೂ ಆ ಗೇಟು ದಾಟಿರಲಿಲ್ಲ. ಮೂರರ ಮೇಲೆ ಮೈದಾನದ್ದು, ಹನ್ನೆರಡು ನನ್ನದು ಎಂದು ಅವಳ ಲೆಕ್ಕ. ಗಂಡಸರಿಗೆ ಮಧ್ಯಾಹ್ನ ಮೈದಾನ ಬೇಕಾದ್ದರಿಂದ ಹೆಂಗಸರ ಪಂದ್ಯವನ್ನು ಹತ್ತೂವರೆಗೆ ಇಟ್ಟಿದ್ದರು. ಹನ್ನೆರಡು ಬಾರಿಸುವಾಗ ಅದಿನ್ನೂ ಮುಗಿದಿರುವುದಿಲ್ಲ. ಮಾಂದಾಳ ಲೆಕ್ಕ ಅಲ್ಲೇ ಕೆಟ್ಟಿತು.

"ಆ ಹುಲ್ಲುಗಾವಲು ನನ್ನ ಮನೆ ಗಂಡಸರನ್ನ ನುಂಗಿದ್ದು ಸಾಲದಾ? ಈಗ ಹೆಂಗಸರೂ ಬೇಕಾ ಅದಕ್ಕೆ?" ಎಂದು ಅವಳು ಎರಡು ತಟ್ಟೆಯ ಸೂಪನ್ನು ಎತ್ತಿಕೊಂಡು ಹಂದಿಗೂಡಿಗೆ ನಡೆದಳು. ನಿಜವಾಗಿಯೂ ಸುರಿದಳು. ಹಂದಿಗೆ ಖುಷಿಯಾಯಿತು.

*

ಒಂದೇ ಸಲ ಎಂದದ್ದು ಒಂದೇ ಸಲಕ್ಕೆ ಮುಗಿಯಲಿಲ್ಲ. ಮಂಗಳವಾರ, ಗುರುವಾರ ಸಂಜೆ ಯೆಲಾ ಮಗಳ ಜೊತೆ ತರಬೇತಿಗೆ ಹೊರಟಳು. ಮನೆಯ ಕೆಲಸ ಒಂದೊಂದಾಗಿ ಬೇರೆಯವರ ಹೆಗಲಿಗೆ ಜಾರಿತು. ಪಾವೊ ಹಂದಿಗೆ ಮೇವು ಹಾಕಬೇಕಾಯಿತು. ಮೊದಲ ದಿನವೇ ಕೋಳಿಗೂಡಿನ ಬಾಗಿಲು ಹಾಕುವುದನ್ನು ಮರೆತ. ಕತ್ತಲಲ್ಲಿ ಟಾರ್ಚು ಹಿಡಿದು ಪ್ಲಮ್ ಮರಗಳ ಕೆಳಗೆ ಕೋಳಿ ಹುಡುಕುತ್ತ, ಕೋಳಿಗೂ ಫುಟ್‌ಬಾಲಿಗೂ ಒಟ್ಟಿಗೆ ಬೈದ.

ತಂಡದ ಜೆರ್ಸಿ ಒಗೆಯುವುದು ವಾರಕ್ಕೊಂದು ಮನೆಯ ಪಾಳಿ. ಆ ವಾರ ಇವರದ್ದು. ಯೆಲಾ ಮೆಷಿನ್ನಿಗೆ ಹಾಕಿ ಶಾಲೆಗೆ ಹೋದಳು. ಒಣಗಿಸುವುದು ಇಲಿಯಾನ ಪಾಲಿಗೆ ಬಂತು. ಅವನು ಬಾಯಲ್ಲಿ ಕ್ಲಿಪ್ಪುಗಳನ್ನು ಕಚ್ಚಿಕೊಂಡು ಒಂದೊಂದೇ ಜೆರ್ಸಿಯನ್ನು ಹಗ್ಗಕ್ಕೆ ಹಾಕುತ್ತಿದ್ದಾಗ ಪಕ್ಕದ ಮನೆಯ ರೇಜಾ ಬೇಲಿಯ ಮೇಲೆ ಗಲ್ಲ ಊರಿದಳು.

"ಏನು ಇಲಿಯಾ, ಮುದಿ ವಯಸ್ಸಲ್ಲಿ ಕೆಲಸ ಬದಲಾಯ್ತಾ?"

"ಮಾತಾಡಿಸಬೇಡ. ನಂಬರ್ ಪ್ರಕಾರ ಹಾಕ್ತಿದ್ದೀನಿ. ಏಳು ಸಿಕ್ತಿಲ್ಲ."

ಮಾಂದಾ ಹೊರಗೆ ಬಂದು ನೋಡಿದಳು. "ಭುಜಕ್ಕೆ ಕ್ಲಿಪ್ ಹಾಕಿದೀಯಲ್ಲೋ ಮುದುಕಾ! ಆ ಹುಡುಗೀರು ಭುಜದ ಮೇಲೆ ಕೊಂಬು ಇಟ್ಕೊಂಡು ಓಡಬೇಕಾ?" ಎಂದು ಅಷ್ಟನ್ನೂ ಕಿತ್ತು, ಅಂಚಿಗೆ ಕ್ಲಿಪ್ ಹಾಕಿ ತಲೆಕೆಳಗಾಗಿ ತೂಗಿಬಿಟ್ಟಳು. ಕೊನೆಯಲ್ಲಿ ಒಂದು ಹಸಿರು ಜೆರ್ಸಿ ಉಳಿಯಿತು. ಬೆನ್ನ ಮೇಲೆ ದೊಡ್ಡದಾಗಿ ನಂಬರ್ ಒಂದು.

"ಇದ್ಯಾಕೆ ಬೇರೆ ಬಣ್ಣ?"

"ಗೋಲ್‌ಕೀಪರಿಂದು. ದೂರದಿಂದಲೇ ಗೊತ್ತಾಗಲಿ ಅಂತ."

"ಊರಿಗೆಲ್ಲ ಗೊತ್ತಾಗಿದೆ, ಇನ್ನು ದೂರದೋರು ಬೇರೆ," ಎಂದು ಮಾಂದಾ ಅದನ್ನೂ ತೂಗುಹಾಕಿದಳು.

ಆ ಭಾನುವಾರದ ಪಂದ್ಯ ಹೊರಊರಲ್ಲಿ. ಅಮ್ಮ ಮಗಳು ಪೂಜೆ ಮುಗಿಯುತ್ತಿದ್ದಂತೆ ವ್ಯಾನು ಹತ್ತಿ ಹೋದರು. ಗಂಟೆ ಬಾರಿಸಿತು. ಮಾಂದಾ ಶಾವಿಗೆ ಬಿಟ್ಟಳು. ಮೂವರು ಕೂತರು, ಅವಳು ಐದು ತಟ್ಟೆಗೂ ಸೂಪು ಬಡಿಸಿದಳು. ಎರಡು ತಟ್ಟೆಯಿಂದ ಹಬೆ ಏಳುವುದು ನಿಂತಿತು. ಶಾವಿಗೆ ಊದಿಕೊಂಡಿತು.

ಪಾವೊ ಸೂಪು ಕುಡಿದು, ಬೇಯಿಸಿದ ಮಾಂಸಕ್ಕೆ ಮೂಲಂಗಿ ಗೊಜ್ಜು ಹಾಕಿಕೊಂಡು ತಿಂದು, ಹುರಿದ ಆಲೂಗಡ್ಡೆಯನ್ನು ಬಾಯಿಗೆ ಹಾಕಿಕೊಳ್ಳುತ್ತಲೇ ಎದ್ದ. "ಟಿಕೆಟ್ ಟೇಬಲ್ ಹಾಕಬೇಕು," ಎಂದು ಗೇಟು ದಾಟಿ ಹೋದ.

"ಅವನು ಕೇಕು ತಿನ್ನಲಿಲ್ಲ," ಎಂದ ಇಲಿಯಾ.

"ಅವನಿಗೆ ಕೆಲಸ ಇದೆ."

"ಹೌದು ಬಿಡು. ಅವನದ್ದು ಕೆಲಸ," ಎಂದ ಇಲಿಯಾ. ಅವನು ಸಾಮಾನ್ಯವಾಗಿ ಇಷ್ಟು ಮಾತಾಡುವವನಲ್ಲ.

*

ಮೂರನೇ ಭಾನುವಾರ ಮತ್ತೆ ಸ್ವಂತ ಮೈದಾನ. ಅಡುಗೆಮನೆಯ ಕಿಟಕಿ ತೆಗೆದಿದ್ದರೆ ಆಟದ ಗಲಾಟೆಯೆಲ್ಲ ಒಳಗೆ ಬರುತ್ತದೆ. ಮಾಂದಾ ಕಿಟಕಿ ಮುಚ್ಚಿದಳು. ಸೆಕೆಯಾಯಿತು ಎಂದು ಮತ್ತೆ ತೆಗೆದಳು. ಎರಡು ಸಲ ಊರು ಹೋ ಎಂದಿತು. ಇಲಿಯಾ ಸುಣ್ಣದ ಗಾಡಿಯ ಪಕ್ಕ ನಿಂತು ಕೂಗುವುದೂ ಕೇಳಿಸಿತು. ಮನೆಯಲ್ಲಿ ಅವನು ಅಷ್ಟು ಜೋರಾಗಿ ಕೂಗಿದ್ದನ್ನು ಅವಳು ಕೇಳಿರಲಿಲ್ಲ.

ಹನ್ನೆರಡರ ಗಂಟೆ ಬಾರಿಸಿತು. ಶಾವಿಗೆ ಸೂಪಿಗೆ ಬಿತ್ತು. ಅದೇ ಹೊತ್ತಿಗೆ ಮೈದಾನ ಒಂದು ಕ್ಷಣ ತಣ್ಣಗಾಯಿತು. ಆಮೇಲೆ ಊರಿಗೆ ಊರೇ ನಗುವ ಸದ್ದು.

ಮೊದಲು ಬಂದವನು ಇಲಿಯಾ. ಕಣ್ಣಲ್ಲಿ ನೀರು. ಕುರ್ಚಿ ಹಿಡಿದುಕೊಂಡು ಕೂತ.

"ಏನಾಯ್ತೋ? ಯಾರಾದ್ರೂ ಸತ್ರಾ?"

"ಇಲ್ಲ ಮಾಂದಾ... ಸೂಪು... ನಿನ್ನ ಸೂಪು..." ಅಷ್ಟಕ್ಕೇ ಅವನಿಗೆ ಮತ್ತೆ ನಗು ಬಂತು.

ಬಾಗಿಲಲ್ಲಿ ಬೂಟು ಬಿಚ್ಚಿ ಒಳಗೆ ಬಂದ ಯೆಲಾಳೇ ಹೇಳಿದಳು. "ಎರಡು ಒಂದರಲ್ಲಿ ಗೆಲ್ತಿದ್ವಿ ಅತ್ತೆ. ಗಂಟೆ ಹೊಡೀತು. ನನ್ನ ಕೈ ತಾನಾಗೇ ಸೊಂಟಕ್ಕೆ ಹೋಗಿ ಏಪ್ರನ್ ಹುಡುಕ್ತು. ತಿರುಗಿ ನಮ್ಮನೆ ಚಿಮಣಿ ನೋಡ್ದೆ. ಸೌಟು ಎಲ್ಲಿಟ್ಟೆ ಅಂತ ಯೋಚನೆ. ಚೆಂಡು ಕಾಲ ಪಕ್ಕದಲ್ಲೇ ನಡ್ಕೊಂಡು ಒಳಗೆ ಹೋಯ್ತು."

"ಓಡಿಕೊಂಡು ಅಲ್ಲ ಅಜ್ಜಿ, ನಡ್ಕೊಂಡು!" ಎಂದಳು ತೆನಾ. "ಪೂಜೆಗೆ ಹೋಗೋರ ಥರ. ಎರಡು ಎರಡು ಸಮ ಆಗೋಯ್ತು. ಆ ಗೋಲು ನಿನ್ನದು!"

"ನನ್ನದಾ? ನಾನು ಇಲ್ಲಿದ್ದೆ!"

"ಅದೇ ಮತ್ತೆ. ಇಲ್ಲಿಂದಲೇ ಹೊಡೆದೆ. ಇಪ್ಪತ್ತು ವರ್ಷದಿಂದ ತರಬೇತಿ ಕೊಟ್ಟಿದ್ದೀಯಲ್ಲ."

ಮಾಂದಾ ನಗಲಿಲ್ಲ. "ಕೂತ್ಕೊಳ್ಳಿ," ಎಂದಳು. ಆವತ್ತು ಸೂಪು ಹಂದಿಗೆ ಹೋಗಲಿಲ್ಲ.

ಸೋಮವಾರ ಬ್ರೆಡ್ಡಿನ ಅಂಗಡಿಗೆ ಹೋದರೆ ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಕೌಂಟರಿನ ಹಿಂದೆ ನಿಂತಿದ್ದ ಕಾತಾ, "ಬಾ ಮಾಂದಾ! ನಮ್ಮ ಮೇಲೇ ಗೋಲು ಹೊಡೆದ ವೀರಳು ನೀನು. ಒಂದು ಬ್ರೆಡ್ಡು ಉಚಿತ ಕೊಡ್ಲಾ?" ಎಂದಳು.

"ನಿನ್ನ ಬ್ರೆಡ್ಡು ಎತ್ತಿ ಹೊಡೆದ್ರೆ ಗೋಲ್ ಕಂಬವೇ ಮುರಿಯುತ್ತೆ, ಅಷ್ಟು ಗಟ್ಟಿ," ಎಂದಳು ಮಾಂದಾ. "ಅಂದ ಹಾಗೆ ನಿನ್ನ ಸೊಸೆ ಎಷ್ಟು ಚೆಂಡು ಹಿಡಿದ್ಲು?"

"ನನ್ನ ಸೊಸೆ ಆಡಲ್ಲವಲ್ಲ."

"ಅದಕ್ಕೇ ಅವಳನ್ನ ನೋಡಿ ಯಾರೂ ನಗಲ್ಲ. ಮನೇಲಿ ಬಿದ್ದಿರೋರನ್ನ ನೋಡಿ ನಗೋದಕ್ಕೆ ಏನಿದೆ? ಎರಡು ಬ್ರೆಡ್ಡು ಕೊಡು. ಮೆತ್ತಗಿರೋದು."

ಹೀಗೆ ಹೇಳಿ ಹೊರಗೆ ಬಂದವಳಿಗೆ ತನ್ನ ಮೇಲೇ ಸಿಟ್ಟು ಬಂತು. ತಾನು ಯಾರ ಪರ ಮಾತಾಡಿದೆ?

*

ಬುಧವಾರ ರಾತ್ರಿ ಊಟಕ್ಕೆ ಬ್ರೆಡ್ಡು, ಹಸಿ ಈರುಳ್ಳಿ, ಮಾಂದಾಳೇ ಕೈಯಾರೆ ಖಾರ ಹಾಕಿ ಹೊಗೆಗೆ ಕಟ್ಟಿದ್ದ ಹಂದಿಮಾಂಸದ ಕೂಲೆನ್ ಸಾಸೇಜು. ಅವಳು ಅದನ್ನು ತೆಳ್ಳಗೆ ಕೊಯ್ಯುತ್ತಿದ್ದಾಗ ಪಾವೊ ತನ್ನ ಚಾಕುವನ್ನು ಮೇಜಿಗೆ ಕುಟ್ಟಿದ.

"ಸಾಕು ಯೆಲಾ. ಬಾರಿಗೆ ಹೋದ್ರೆ ಎಲ್ಲರೂ ಲೋಟಕ್ಕೆ ಚಮಚ ಬಡೀತಾರೆ. ಟಿಣ್ ಟಿಣ್ ಅಂತ. 'ಪಾವೊ, ತಿರುಗಿ ನೋಡು, ಸೂಪು ಬಂತು' ಅಂತಾರೆ. ನಾನು ಕ್ಲಬ್ಬಿನ ಕಾರ್ಯದರ್ಶಿ ಕಣೇ!"

"ಹಾಗಾದ್ರೆ ಬಾರಿಗೆ ಹೋಗಬೇಡ," ಎಂದಳು ಯೆಲಾ.

"ಆಟ ನಿಲ್ಲಿಸು ಅಂದೆ."

"ನಿಮಗೆ ಏನು ಹೇಳಬೇಕೋ ಅದನ್ನ ಅಮ್ಮ ಮಗ ಮೊದಲು ಮಾತಾಡಿಕೊಂಡು ಬನ್ನಿ. ಅತ್ತೆಗೆ ಸೂಪಿನ ಚಿಂತೆ, ನಿನಗೆ ಬಾರಿನ ಚಿಂತೆ. ನನ್ನ ಮಂಡಿ ತರಿದು ರಕ್ತ ಬಂದಿದೆ, ಅದರ ಚಿಂತೆ ಇಲ್ಲಿ ಯಾರಿಗಾದ್ರೂ ಇದೆಯಾ?"

"ಅಮ್ಮಾ, ನೀನೇ ಹೇಳು ಇವಳಿಗೆ," ಎಂದ ಪಾವೊ.

ಮಾಂದಾ ಚಾಕು ಕೆಳಗಿಟ್ಟಳು. "ಹೇಳ್ತೀನಿ. ಪಾವೊ, ನೀನು ಆ ಮೈದಾನದಲ್ಲಿ ಹದಿನೈದು ವರ್ಷ ಓಡಿದೆ. ಎಷ್ಟು ಗೋಲು ಹೊಡೆದೆ?"

"ನಾನು ಡಿಫೆನ್ಸ್ ಅಮ್ಮ!"

"ಎಷ್ಟು?"

"...ಒಂದು."

"ನಮ್ಮ ಕಡೆಗೇ ಹೊಡ್ಕೊಂಡಿದ್ದು," ಎಂದ ಇಲಿಯಾ, ಈರುಳ್ಳಿ ಕಚ್ಚುತ್ತ.

ತೆನಾ ಬಾಯಲ್ಲಿದ್ದ ಹಾಲನ್ನು ಮೂಗಿಗೆ ತಂದುಕೊಂಡಳು. ಮಾಂದಾ ಮಗನ ಕಡೆ ಬೆರಳು ತೋರಿಸಿದಳು. "ಆವತ್ತು ನಾನು ನಿನ್ನ ಬೂಟು ತೊಳೆಯೋದು ನಿಲ್ಲಿಸಿದ್ನಾ? ನಾನು ಇವಳನ್ನ ಬೈಬಹುದು. ಅದು ನನ್ನ ಅಡುಗೆಮನೆ, ನನ್ನ ಸೂಪು. ನಡುವೆ ನೀನ್ಯಾರು? ತಿನ್ನು!"

ಮರುದಿನದಿಂದ ಅಂಗಳದಲ್ಲಿ ಹೊಸ ವಿದ್ಯೆ ಶುರುವಾಯಿತು. ಯೆಲಾ ಕೊಟ್ಟಿಗೆಯ ಬಾಗಿಲ ಮುಂದೆ ನಿಲ್ಲುವುದು, ತೆನಾ ಚೆಂಡು ಒದೆಯುವುದು, ಒದೆಯುವ ಹೊತ್ತಿಗೆ ಸರಿಯಾಗಿ ಇಲಿಯಾ ಒಂದು ಪಾತ್ರೆಗೆ ಬಡಿಗೆಯಿಂದ ಬಾರಿಸುವುದು. ಯೆಲಾ ಹ್ಯಾಂಡ್‌ಬಾಲಿನವರ ಹಾಗೆ ಕೈಕಾಲು ನಾಲ್ಕೂ ಅಗಲಿಸಿ ನೆಗೆಯುತ್ತಿದ್ದಳು. ಪಾತ್ರೆ ಬಾರಿಸದಿದ್ದರೆ ಹತ್ತಕ್ಕೆ ಎಂಟು ತಡೆಯುತ್ತಿದ್ದಳು. ಬಾರಿಸಿದರೆ ಸಾಕು, ತಲೆ ತಟ್ಟನೆ ಅಡುಗೆಮನೆಯ ಕಡೆ ತಿರುಗುತ್ತಿತ್ತು. ಚೆಂಡು ದಡಾರನೆ ಕೊಟ್ಟಿಗೆಗೆ ಬಡಿಯುತ್ತಿತ್ತು.

"ಅದು ನನ್ನ ಜಾಮ್ ಪಾತ್ರೆ!" ಎಂದು ಮಾಂದಾ ಕಿಟಕಿಯಿಂದ ಕೂಗಿದಳು. "ತಳ ತಗ್ಗು ಮಾಡಿದ್ರೆ ಪ್ಲಮ್ಮಿನ ಕಾಲಕ್ಕೆ ನಿನ್ನ ಟೋಪಿಯಲ್ಲೇ ಕಾಯಿಸ್ತೀನಿ ಮುದುಕಾ!" ಆದರೆ ಕಿಟಕಿ ಮುಚ್ಚಲಿಲ್ಲ. ಕಡಲೆ ಸಿಪ್ಪೆ ಬಿಡಿಸುತ್ತ ಅಲ್ಲೇ ಕೂತಳು.

ರೂಜಾ ಪಾದ್ರಿಯ ಹತ್ತಿರವೂ ಹೋಗಿಬಂದಳು. ಭಾನುವಾರದ ಗಂಟೆಯನ್ನು ಕಾಲು ಗಂಟೆ ತಡ ಮಾಡಬಹುದೇ ಎಂದು ಕೇಳಿದಳಂತೆ. ಈಗ ಗಂಟೆ ಬಾರಿಸುವುದು ಕಂಪ್ಯೂಟರು, ಅದನ್ನು ಕೂಡಿಸಿಕೊಟ್ಟವನು ರಾಜಧಾನಿ ಜಾಗ್ರೆಬಿನವನು, ನಾನು ಮುಟ್ಟಿದರೆ ನಡುರಾತ್ರಿ ಶವದ ಗಂಟೆ ಬಾರಿಸೀತು, ಎಂದನಂತೆ ಪಾದ್ರಿ. ಬೇಕಾದರೆ ಯೆಲಾಳಿಗಾಗಿ ಪ್ರಾರ್ಥಿಸುತ್ತೇನೆ ಎಂದೂ ಹೇಳಿದನಂತೆ.

ಪ್ರಾರ್ಥನೆಯ ಫಲವೋ, ತಡವಾಗಿ ಶುರುವಾಗಿ ಹನ್ನೆರಡರ ಗಂಟೆಗೆ ಸರಿಯಾಗಿ ವಿರಾಮ ಬಿದ್ದ ಪಂದ್ಯಗಳ ಫಲವೋ, ಸ್ಲೊಗಾ ಮೇ ತಿಂಗಳಲ್ಲಿ ಎರಡು ಗೆದ್ದಿತು, ಒಂದು ಸಮ ಮಾಡಿಕೊಂಡಿತು. ತೆನಾ ಗೋಲಿನ ಮೇಲೆ ಗೋಲು ಹೊಡೆದಳು. ಒಂದು ಭಾನುವಾರ ಅಮ್ಮ ಮಗಳು ತಡವಾಗಿ ಬಂದಾಗ ಹಿಟ್ಟು ಉದುರಿಸಿದ ಬಟ್ಟೆಯ ಮೇಲೆ ಎರಡು ಹಿಡಿ ಹಸಿ ಶಾವಿಗೆ ಹಾಗೇ ಇತ್ತು. ಯೆಲಾ ಅದನ್ನು ನೋಡಿ ಅತ್ತೆಯ ಮುಖ ನೋಡಿದಳು.

"ಹಿಟ್ಟು ಹೆಚ್ಚಾಗಿತ್ತು," ಎಂದಳು ಮಾಂದಾ. "ಬೇಕಾದ್ರೆ ಬೇಯಿಸ್ಕೊಳ್ಳಿ."

*

ಜೂನ್ ಮೊದಲ ಭಾನುವಾರ ಕೊನೆಯ ಪಂದ್ಯ. ಎದುರಾಳಿ ಪೇಟೆಯ ತಂಡ. ಸ್ವಂತ ಬಸ್ಸಿನಲ್ಲಿ ಬರುವವರು. ಸೋಲದಿದ್ದರೆ ಸ್ಲೊಗಾಗೆ ಲೀಗಿನಲ್ಲಿ ಮೂರನೇ ಜಾಗ. ಮೂರನೇ ಜಾಗಕ್ಕೆ ಮುಂದಿನ ವರ್ಷ ದೇಶದ ಕಪ್ಪಿನಲ್ಲಿ ಆಡುವ ಹಕ್ಕು. ಕಪ್ಪಿನಲ್ಲಿ ಚೀಟಿ ಎತ್ತಿದಾಗ ಯಾವ ದೊಡ್ಡ ಕ್ಲಬ್ಬಾದರೂ ಎದುರು ಬರಬಹುದು. "ಬಿಸಿನೀರಿನ ಸ್ನಾನದಮನೆ ಇರುತ್ತೆ ಅಜ್ಜಿ. ದೀಪ ಹಾಕಿದ ಮೈದಾನ!" ಎಂದು ತೆನಾ ವಾರವಿಡೀ ಕುಣಿದಿದ್ದಳು.

ಅದೇ ಭಾನುವಾರ ಪಾವೊ ಬ್ಲಾಜ್‌ನನ್ನು ಊಟಕ್ಕೆ ಕರೆದಿದ್ದ. ಬ್ಲಾಜ್ ಪಾವೊನ ಮದುವೆಗೆ ಸಾಕ್ಷಿ ನಿಂತವನು, ದೀಕ್ಷಾಸ್ನಾನದ ದಿನ ತೆನಾಳನ್ನು ಎತ್ತಿಕೊಂಡಿದ್ದವನು. ಅಂಥ ನೆಂಟನಿಗೆ ಆ ಕಡೆ ಮೊದಲ ಸೌಟು ಮನೆಯ ಹಿರಿಯಳ ಕೈಯಿಂದಲೇ ಬೀಳಬೇಕು.

"ಬೇರೆ ದಿನ ಸಿಗಲಿಲ್ವಾ ನಿನಗೆ?" ಎಂದು ಬೆಳಿಗ್ಗೆಯೇ ಯೆಲಾ ಗಂಡನ ಮೇಲೆ ಹಾರಿದ್ದಳು.

"ಅವನಿಗೆ ಬಿಡುವು ಇದ್ದದ್ದು ಇವತ್ತು. ನೀನು ಹೋಗು, ಆಡು. ಅಮ್ಮ ಇದ್ದಾಳಲ್ಲ."

"ಹೌದು, ಅಮ್ಮ ಇದ್ದಾಳೆ. ಯಾವಾಗಲೂ ಇರ್ತಾಳೆ," ಎಂದಿದ್ದಳು ಮಾಂದಾ, ಕೋಳಿಯ ರೆಕ್ಕೆ ಮುರಿಯುತ್ತ.

ಬ್ಲಾಜ್ ಬಂದ. ಪ್ಲಮ್ ಬ್ರಾಂದಿ ಎರಡು ಸಣ್ಣ ಲೋಟ ಇಳಿಸಿದ. ಅವನದು ಕೆಟ್ಟ ಮನಸ್ಸಲ್ಲ, ದೊಡ್ಡ ಬಾಯಿ. ಕಿಟಕಿಯಿಂದ ಮೈದಾನದ ಕೂಗು ಬರುತ್ತಿದ್ದಂತೆ ತೊಡೆ ತಟ್ಟಿಕೊಂಡು ನಕ್ಕ.

"ಮಾಂದಾ ಅತ್ತೆ, ನಿಮ್ಮ ಸೂಪಿನ ಗೋಲು ನಮ್ಮ ಪೇಟೆಗೂ ಬಂದಿದೆ! ನನ್ನ ಅಕ್ಕನ ಮಗಳು ಆ ತಂಡದಲ್ಲೇ ಆಡ್ತಾಳೆ. ಅವರ ಕೋಚು ಏನು ಹೇಳಿದ್ದಾಳೆ ಗೊತ್ತಾ? ಗೆಲ್ಲೋ ಹಾಗಿಲ್ಲದಿದ್ರೆ ಸುಮ್ನೆ ಚೆಂಡು ಇಟ್ಕೊಂಡು ಓಡಾಡಿ, ಹನ್ನೆರಡರ ಗಂಟೆ ಹೊಡೆದ ತಕ್ಷಣ ದೂರದಿಂದ ಒದೀರಿ, ಆ ಹೆಂಗಸು ತಾನಾಗೇ ತಿರುಗ್ತಾಳೆ ಅಂತ!"

ಪಾವೊ ನಗಲು ಹೋಗಿ ತಾಯಿಯ ಮುಖ ನೋಡಿ ನಿಲ್ಲಿಸಿದ.

"ಯಾರು ತಿರುಗ್ತಾಳೆ?" ಎಂದಳು ಮಾಂದಾ.

"ಯೆಲಾ. ತಮಾಷೆ ಅತ್ತೆ..."

"ನನ್ನ ಸೂಪನ್ನ ನನ್ನ ಸೊಸೆ ಮೇಲೇ ಒದೀತಾರಾ? ಪೇಟೆಯೋರು?"

"ಅಮ್ಮಾ, ಕೂಗಬೇಡ, ನೆಂಟರು..."

"ನೆಂಟರು ಬ್ರಾಂದಿ ಕುಡೀಲಿ!" ಗೋಡೆ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ ಇತ್ತು. ಮಾಂದಾ ಒಲೆಯ ಉರಿ ತಗ್ಗಿಸಿದಳು. ಶಾವಿಗೆಯ ತಟ್ಟೆಯನ್ನು ಬಟ್ಟೆಯಿಂದ ಮುಚ್ಚಿದಳು. "ಸೂಪಿಗೆ ಸೊಪ್ಪಿಲ್ಲ. ತರ್ತೀನಿ," ಎಂದು ಏಪ್ರನ್ನಿನಲ್ಲೇ ಹಿಂಬಾಗಿಲಿಂದ ಇಳಿದಳು.

ಸೊಪ್ಪಿನ ಮಡಿ ಬಾಗಿಲ ಪಕ್ಕದಲ್ಲೇ ಇತ್ತು. ಒಂದು ಹಿಡಿ ಕಿತ್ತಳು. ಕಿತ್ತವಳು ಒಳಗೆ ತಿರುಗಲಿಲ್ಲ. ಈರುಳ್ಳಿ ಮಡಿ ದಾಟಿದಳು, ಆಲೂಗಡ್ಡೆ ಸಾಲು ದಾಟಿದಳು, ಗೇಟಿನ ತುಕ್ಕು ಹಿಡಿದ ಚಿಲಕವನ್ನು ಅಂಗೈಯಿಂದ ಗುದ್ದಿ ತೆಗೆದಳು.

ಗೋಲಿನ ಹಿಂದೆ ಸುಣ್ಣದ ಗಾಡಿಯ ಮೇಲೆ ಕೂತಿದ್ದ ಇಲಿಯಾ ಅವಳನ್ನು ಕಂಡು ಎದ್ದುಬಿಟ್ಟ. "ಅಯ್ಯೋ ಮಾಂದಾ! ಮನೆಗೆ ಬೆಂಕಿ ಬಿತ್ತಾ?"

"ಇಲ್ಲ. ನಮ್ಮೋರು ಯಾವ ಕಡೆ?"

"ಈ ಗೋಲು ನಮ್ಮೋರದ್ದು. ಒಂದು ಒಂದು ಸಮ. ತೆನಾ ಹೊಡೆದ್ಲು! ಹೀಗೇ ಮುಗಿದ್ರೆ ಸಾಕು."

"ಆ ಹತ್ತನೇ ನಂಬರಿನ ಹುಡುಗಿ ಯಾಕೆ ಚೆಂಡು ಇಟ್ಕೊಂಡು ಸುಮ್ನೆ ನಿಂತಿದ್ದಾಳೆ?"

"ಅದೇ ನನಗೂ ಗೊತ್ತಾಗ್ತಿಲ್ಲ."

ಮಾಂದಾಗೆ ಗೊತ್ತಿತ್ತು. ಅವಳು ಬಲೆಯ ಹತ್ತಿರಕ್ಕೆ ಹೋದಳು. ಎರಡು ಮಾರು ದೂರದಲ್ಲಿ ಯೆಲಾಳ ಬೆನ್ನು. ಹಸಿರು ಜೆರ್ಸಿ ಬೆವರಿಗೆ ಅಂಟಿಕೊಂಡಿತ್ತು. ಕಂಬದಿಂದ ಕಂಬಕ್ಕೆ ನೋಡಿದರೆ ಆ ಗೋಲು ಮನೆಯ ಹೆಬ್ಬಾಗಿಲಿಗಿಂತ ಅಗಲ. ಅದರ ನಡುವೆ ಒಬ್ಬಳೇ ಹೆಂಗಸು ಮಂಡಿ ಬಗ್ಗಿಸಿಕೊಂಡು ನಿಂತು, "ತೆನಾ, ಎಡಕ್ಕೆ! ಎಡಕ್ಕೆ ಕಣೇ!" ಎಂದು ಕಿರುಚುತ್ತಿದ್ದಳು. ಇಷ್ಟು ದೊಡ್ಡ ಗಂಟಲು ಇವಳು ಮನೆಯಲ್ಲಿ ಎಲ್ಲಿ ಬಚ್ಚಿಟ್ಟಿದ್ದಳು?

ಗಂಟೆ ಬಾರಿಸಿತು.

ಯೆಲಾಳ ಎಡಗೈ ಸೊಂಟಕ್ಕೆ ಹೋಯಿತು. ತಲೆ ಚಿಮಣಿಯ ಕಡೆಗೆ ತಿರುಗತೊಡಗಿತು. ಹತ್ತನೇ ನಂಬರಿನವಳು ಕಾಲು ಹಿಂದಕ್ಕೆ ತೆಗೆದಳು.

"ಶಾವಿಗೆ ಕಾಯುತ್ತೆ ಕಣೇ ಯೆಲಾ!" ಎಂದು ಮಾಂದಾ ಬಲೆಗೆ ಬಾಯಿಟ್ಟು ಅರಚಿದಳು. "ನಾನು ಇಲ್ಲೇ ಇದ್ದೀನಿ! ಚೆಂಡು ನೋಡು!"

ತಲೆ ಅರ್ಧಕ್ಕೇ ನಿಂತಿತು. ಯೆಲಾ ಕೈಕಾಲು ನಾಲ್ಕೂ ಅಗಲಿಸಿ ನೆಗೆದಳು. ಚೆಂಡು ಅವಳ ಎಡಗಾಲಿನ ಮೀನಖಂಡಕ್ಕೆ ಫಟ್ಟೆಂದು ಬಡಿದು ಕಂಬದ ಹೊರಗೆ ಹಾರಿ, ಇಲಿಯಾನ ಸುಣ್ಣದ ಬಕೆಟ್ಟಿನೊಳಗೆ ಬಿತ್ತು. ಮಾಂದಾಳ ಮುಖ, ಏಪ್ರನ್, ಕೈಯಲ್ಲಿದ್ದ ಸೊಪ್ಪು ಎಲ್ಲ ಬೆಳ್ಳಗಾಯಿತು. ಊರು ಎದ್ದು ಕುಣಿಯಿತು. ಬೆಂಚಿನಲ್ಲಿ ಕೂತಿದ್ದ ಕಾತಾ ಅದರ ಮೇಲೇ ಹತ್ತಿ ನಿಂತು, "ಮಾಂದಾ! ಮಾಂದಾ!" ಎಂದು ಬಾಯಿ ಬಡಿದುಕೊಂಡಳು.

"ಮುಗೀತಾ?" ಎಂದು ಮಾಂದಾ ಕಣ್ಣೊರೆಸಿಕೊಂಡಳು.

"ಎಲ್ಲಿ ಮುಗೀತು! ಹೊರಗೆ ಹೋಯ್ತಲ್ಲ, ಕಾರ್ನರ್ ಅವರಿಗೆ. ಮೂಲೆಯಿಂದ ಒದೀತಾರೆ. ಇನ್ನೂ ಕಾಲು ಗಂಟೆ ಇದೆ."

ಆಗ ಗೇಟಿನ ಹತ್ತಿರ ಪಾವೊ ಕಾಣಿಸಿಕೊಂಡ. ಒಂದು ಕೈಯಲ್ಲಿ ಶಾವಿಗೆಯ ತಟ್ಟೆ, ಇನ್ನೊಂದರಲ್ಲಿ ಸೌಟು. ಅವನ ಹಿಂದೆ ಬ್ಲಾಜ್.

"ಅಮ್ಮಾ! ಗಂಟೆ ಹೊಡೀತು! ಶಾವಿಗೆ ಹಾಕ್ಲಾ? ಎಷ್ಟು ಹೊತ್ತು ಬೇಯಿಸಬೇಕು?"

ಮಾಂದಾ ತಿರುಗಲೂ ಇಲ್ಲ. "ಬಾಯಿ ಮುಚ್ಚೋ! ಕಾರ್ನರ್ ಇದೆ!"

ಕಾರ್ನರನ್ನು ಯೆಲಾ ಮುಷ್ಟಿಯಿಂದ ಗುದ್ದಿದಳು. ಆಮೇಲಿನ ಒಂದೊಂದು ಚೆಂಡಿಗೂ ಬಲೆಯ ಹಿಂದಿನಿಂದ ಬೈಗುಳ ಬಂತು: "ಆ ಜುಟ್ಟಿನೋಳನ್ನ ನೋಡ್ಕೋ!" "ಮುಂದೆ ಹೋಗು! ಹೋಗಬೇಡ!" "ಒದಿಯೇ ತೆನಾ, ಅದೇನು ಮೊಟ್ಟೆನಾ?" ಒಂದು ಸಲ ರೆಫರಿ ಬಂದು, ಗೋಲಿನ ಹಿಂದೆ ನಿಲ್ಲಬೇಡಿ ಅಜ್ಜಿ ಎಂದ. ಐವತ್ತು ವರ್ಷ ಈ ಮೈದಾನದ ಕೆಸರು ತೊಳೆದಿದ್ದೀನಿ, ಎಲ್ಲಿ ಬೇಕೋ ಅಲ್ಲಿ ನಿಲ್ತೀನಿ, ಎಂದಳು. ರೆಫರಿ ವಾಪಸು ಹೋದ.

ಕೊನೆಯ ಸೀಟಿ ಊದಿದಾಗ ಒಂದು ಒಂದೇ. ಹುಡುಗಿಯರೆಲ್ಲ ಓಡಿ ಬಂದು ಯೆಲಾಳ ಮೇಲೆ ಬಿದ್ದರು. ರಾಶಿಯ ಅಡಿಯಿಂದ ಅವಳ ಒಂದು ಕೈಗವಸು ಮಾತ್ರ ಕಾಣುತ್ತಿತ್ತು. ಆ ಕೈ ಬಲೆಯ ಕಡೆಗೆ ಚಾಚಿ ಬೆರಳು ಆಡಿಸಿತು.

"ಅತ್ತೆ! ಬನ್ನಿ ಇಲ್ಲಿ!"

ಮಾಂದಾ ಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಸೊಪ್ಪನ್ನು ಏಪ್ರನ್ನಿನ ಜೇಬಿಗೆ ತುರುಕಿ ಮೈದಾನಕ್ಕೆ ಕಾಲಿಟ್ಟಳು.

"ಗೆರೆ ತುಳೀಬೇಡ್ವೇ! ಮೂರು ಗಂಟೆಗೆ ಗಂಡಸರ ಪಂದ್ಯ ಇದೆ!" ಎಂದು ಇಲಿಯಾ ಕೂಗಿದ.

ತುಳಿದುಕೊಂಡೇ ಹೋದಳು. ಹುಡುಗಿಯರು ಅವಳನ್ನು ಎಳೆದು ರಾಶಿಗೆ ಸೇರಿಸಿಕೊಂಡರು.

ಗೇಟಿನಲ್ಲಿ ಪಾವೊ ಶಾವಿಗೆಯ ತಟ್ಟೆ ಹಿಡಿದುಕೊಂಡು ಇನ್ನೂ ನಿಂತಿದ್ದ. "ಸೊಪ್ಪು ತರ್ತೀನಿ ಅಂದ್ಲಲ್ಲ," ಎಂದ ಬ್ಲಾಜ್. "ಈಗ ಬರ್ತಾಳೆ," ಎಂದ ಪಾವೊ.

ಅವಳು ಬರಲಿಲ್ಲ.